ಫ್ರಿಜ್ಜಿನಲ್ಲಿರುವ ಕಿಣ್ವ ಮಹಾಶಯರಿಗೆ, ಸೋಸುವ ಬಟ್ಟೆಯ ವಿಷಯವಾಗಿ

ಮಾನ್ಯರೇ,

ಫ್ರಿಜ್ಜಿನ ಎರಡನೇ ಅಂಕಣದಲ್ಲಿ ತಣ್ಣಗೆ ಬಿಜಯಂಗೈದಿರುವ ತಮಗೆ, ಜಮಖಂಡಿಯ ಈ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವ ಮುದಕಪ್ಪನ ಸಾಷ್ಟಾಂಗ ನಮಸ್ಕಾರಗಳು. ನಿನ್ನೆ ಕೆಟ್ಟ ಕನಸು ಬಿದ್ದಿತ್ತು. ನನ್ನ ಧೋತರ, ಮೀಸೆ, ಕಡೆಗೆ ಎಮ್ಮೆಯ ಹಾಲೂ ಅಯೋಡಿನ್ ಬಿದ್ದ ಗಂಜಿಯಂತೆ ನೀಲಿಯಾಗಿದ್ದವು.

ತಮ್ಮ ಪರಾಕ್ರಮ ನಾನರಿಯದ್ದಲ್ಲ. ಮಹಾಲಿಂಗಪುರದ ಬೆಲ್ಲದ ಗಾಣದ ಒಲೆಯ ಪಕ್ಕ ಸಿಕ್ಕ ಕಾಡು ಯೀಸ್ಟಿನಿಂದ ತಮ್ಮ ವಂಶವಾಹಿಯನ್ನು ಬಿಡಿಸಿ, ನಮ್ಮ ಬನಹಟ್ಟಿಯ ಮಗ್ಗಗಳಲ್ಲಿ ಮುಗಿದ ಹಾಸಿನ ಎಳೆಗೆ ಹೊಸ ಹಾಸಿನ ಎಳೆ ಹೊಸೆಯುವಂತೆ ಸಾಕು ಯೀಸ್ಟಿಗೆ ಜೋಡಿಸಿ, ಇಲ್ಲಿನ ಸಂಶೋಧಕಿ ರಸಿಕಾ ಮೇಡಂ ಮೂರು ವರ್ಷ ತಮ್ಮನ್ನು ಬೆಳೆಸಿದರು. ಕುದಿಯಲು ಬಂದ ನೀರಿನಲ್ಲಿ ಕೂತೆದ್ದ ಮೇಲೂ ಗಂಜಿ ಕರಗಿಸಬಲ್ಲ ಧೀರರು ತಾವೆಂದು ಅವರ ನಂಬಿಕೆ. ಅಯೋಡಿನ್ ಹಾಕಿದಾಗ ನೀಲಿ ಬಾರದಿದ್ದರೆ ಗಂಜಿ ಮುಗಿದಂತೆ, ತಾವು ಗೆದ್ದಂತೆ. ಸೋಮವಾರದ ಪರೀಕ್ಷೆಯಲ್ಲಿ, ಕಾಯಿಸದ ನಳಿಗೆಯಲ್ಲಿದ್ದ ತಾವು ಗೆದ್ದಿರಿ. ಕಾಯಿಸಿದ ನಳಿಗೆಯಲ್ಲಿದ್ದ ತಾವು ಎಷ್ಟು ಸಲ ನೋಡಿದರೂ ನೀಲಿಯೇ. "ಸತ್ತದ್ರಿ ಮುದಕಪ್ಪಾರ, ಶನಿವಾರ ಎಲ್ಲಾ ಚೆಲ್ಲಿಬಿಡ್ರಿ" ಎಂದು ಮೇಡಂ ಕಣ್ಣೊರೆಸಿಕೊಂಡರು.

ಮಾನ್ಯರೇ, ನನ್ನ ದೂರು ಇಷ್ಟೇ: ಬದುಕಿದ್ದೂ ತಾವು ತುಟಿ ಬಿಚ್ಚಲಿಲ್ಲ. ಕಾಯಿಸದ ದ್ರಾವಣ ತಿಳಿಯಾಗಿರುತ್ತದೆ, ಸೋಸುವ ಗೋಜಿಲ್ಲ. ಕಾಯಿಸಿದ್ದು ಒಡೆದ ಹಾಲಿನಂತಾಗುತ್ತದೆ, ಅಯೋಡಿನ್ ಹಾಕುವ ಮೊದಲು ಬಟ್ಟೆಯಲ್ಲಿ ಸೋಸಲೇಬೇಕು. ಆ ಬಟ್ಟೆ ತೊಳೆಯುವವನು ನಾನು. ನೂಲಿಗೆ ಗಂಜಿ ಕುಡಿಸುವ ಮನೆಯಲ್ಲಿ ಹುಟ್ಟಿ ಏಳನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ, ತೊಳೆದ ಬಟ್ಟೆಯನ್ನು ಗಂಜಿ ಹಾಕದೆ ಒಣಗಿಸುವುದು ಅಮರ್ಯಾದೆ. ತಮ್ಮಂಥ ದೊಡ್ಡವರ ಬಟ್ಟೆಯೆಂದು ಎರಡು ಸಲ ಅದ್ದಿದ್ದೆ. ತಾವು ಒಳಗೆ ಗಂಜಿಯನ್ನೆಲ್ಲ ತಿಂದು ಮುಗಿಸಿದ್ದಿರಿ, ನಾನು ಹೊರಗೆ ಬಟ್ಟೆಯಿಂದ ಮತ್ತೆ ಬಡಿಸಿದೆ; ನೀಲಿಯಾದದ್ದು ಆ ಗಂಜಿಯೇ.

ಹೆಂಡತಿ ಕಸ್ತೂರೆವ್ವನಿಗೆ ಹೇಳಿದರೆ, "ಸಾಲಿ ಬಿಟ್ರಿ, ಗಂಜಿ ಬಿಡಲಿಲ್ಲ ನೋಡ್ರಿ! ಹೋಗಿ ಹೇಳ್ರಿ ಆ ಮೇಡಂ ಬಾಯಾರಿಗೆ" ಎಂದಳು. ಹೇಳಲೆಂದು ಮೇಡಂ ಬಾಗಿಲ ತನಕ ಹೋಗಿ, ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿ ಮರಳಿದ್ದೇನೆ. ಆದ್ದರಿಂದ ತಾವೇ ದಯಮಾಡಿ ನಳಿಗೆಯಿಂದ ಎದ್ದು ಬಂದು, ಬಾಯಿಲ್ಲದಿದ್ದರೂ ಸಾಕ್ಷಿ ನುಡಿದು, ಆದಷ್ಟು ನನ್ನ ಹೆಸರು ಬಿಟ್ಟು ಹೇಳಬೇಕಾಗಿ ವಿನಂತಿ.

ತಮ್ಮನ್ನು ಜೀವಂತವಾಗಿ ಸೋಸಿದ ವಿಶ್ವಾಸಿ,
ಮುದಕಪ್ಪ

ತಾ.ಕ.: ತಮಗೆ ಓದಲು ಬಾರದು, ಆ ವಿಷಯದಲ್ಲಿ ನನಗಿಂತ ತುಸುವೇ ಹಿಂದೆ. ಅದಕ್ಕೇ ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಅದನ್ನು ತೆರೆಯುವ ಕೀಲಿ ಮೇಡಂ ಬಳಿಯೇ ಇದೆ. ಮಗ್ಗದಿಂದ ಬಂದ ಹೊಸ ಬಟ್ಟೆಯಲ್ಲೂ ಗಂಜಿ ಇರುತ್ತದೆಂದು ಹಳೆಯದೊಂದನ್ನು ಬರೀ ನೀರಿನಲ್ಲಿ ಏಳು ಸಲ ಜಾಲಿಸಿ ಇಟ್ಟಿದ್ದೇನೆ. ಆದರೂ ನನ್ನ ಕೈಯ ಮೇಲೆ ನನಗೇ ನಂಬಿಕೆಯಿಲ್ಲ. ಶನಿವಾರದೊಳಗೆ, ಸೋಸುವ ಮುನ್ನ, ಆ ಬಟ್ಟೆಯ ಮೇಲೂ ಒಂದು ಹನಿ ಅಯೋಡಿನ್ ಬಿಟ್ಟು ಇನ್ನೊಮ್ಮೆ ನೋಡಿರಿ.