ಮೈದುನನ ಯಂತ್ರನಾಯಿ ಹೆಬ್ಬಾತು ಕಾದದ್ದು

"ವೈನಿ, ಸುಮ್ನ ನಿಂತು ನೋಡ್ರಿ! ಇವತ್ತಿನಿಂದ ನಿಮ್ಮ ಕಡ್ಲಿ ಹೊಲಕ್ಕ ಒಂದ ಹೆಬ್ಬಾತೂ ಕಾಲಿಡಂಗಿಲ್ಲ!"

ಹೀಗೆಂದು ಎದೆ ಉಬ್ಬಿಸಿ ನಿಂತವನು ನನ್ನ ಮೈದುನ ಫಕ್ಕೀರಪ್ಪ. ಬೋರ್‌ವೆಲ್ ಮೋಟಾರು ರಿಪೇರಿ ಅವನ ಕಸುಬು. ಯಾರಿಗೂ ಬೇಡದ ಯಂತ್ರ ಕಟ್ಟುವುದು ಅವನ ಚಟ. ಪಕ್ಕದಲ್ಲಿ ತಗಡಿನ ಮೈ, ರಬ್ಬರ್ ಟ್ಯೂಬಿನ ಬಾಲದ ಯಂತ್ರನಾಯಿ ನಿಂತಿತ್ತು. ಕುರಿಗಾರ ಮಾಳಪ್ಪನ ನಾಯಿಯ ತಲೆಗೆ ಎಂಟು ದಿನ ತಂತಿಯ ಟೊಪ್ಪಿಗೆ ಹಾಕಿ, ಅದರ ಮಿದುಳಿನ ತರಂಗವನ್ನೆಲ್ಲ ಇದಕ್ಕೆ ಇಳಿಸಿದ್ದನಂತೆ. ಇದು ಬೊಗಳಿದರೆ ಹಕ್ಕಿಗಳಿಗೆ ರೆಕ್ಕೆ ಬಿಚ್ಚುವುದೇ ಮರೆತುಹೋಗಿ, ಕುರಿಗಳ ಹಾಗೆ ಸಾಲಾಗಿ ಕೆರೆಗೆ ನಡೆಯುತ್ತವಂತೆ!

ಆ ಹೊಲದಲ್ಲಿದ್ದದ್ದು ನಮ್ಮ ಅತ್ತೆ ಜೋಪಾನ ಮಾಡಿ ಕೊಟ್ಟುಹೋದ ಕಡಲೆ ತಳಿ. ಊರಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ಮನೆಯಲ್ಲಿದ್ದ ಬೀಜವನ್ನೆಲ್ಲ ಬಿತ್ತಿಬಿಟ್ಟಿದ್ದೆ. ಚಳಿಗಾಲಕ್ಕೆ ಕೆರೆಗೆ ಬಂದಿಳಿದ ಹೆಬ್ಬಾತುಗಳು ಇದನ್ನು ಮೇಯ್ದು ಮುಗಿಸಿದರೆ ತಳಿಯೇ ಮುಗಿದಂತೆ.

ಯಂತ್ರನಾಯಿ ಬೊಗಳಿತು. ಹೊಲದಲ್ಲಿದ್ದ ಮೂವತ್ತು ಹೆಬ್ಬಾತು ತೆಪ್ಪಗೆ ಒಂದು ಕಡೆ ಗುಂಪಾದವು. ಬದುವಿನ ಮೇಲೆ ನೆರೆದವರು ಚಪ್ಪಾಳೆ ತಟ್ಟಿದರು. ನಾಯಿ ಅವುಗಳನ್ನು ಅಲ್ಲೇ ಬಿಟ್ಟು ಕೆರೆಯತ್ತ ಓಡಿತು.

"ಎಲ್ಲಿಗೆ ಹೊಂಟೈತೋ ಅದು?"

"ದಾರಿ ನೋಡಾಕ ಹೊಂಟೈತ್ರಿ ವೈನಿ!"

ದಾರಿ ನೋಡಲು ಹೋದದ್ದು ಕೆರೆಯಲ್ಲಿದ್ದ ಐನೂರು ಹೆಬ್ಬಾತುಗಳನ್ನು ಹೊಡೆದುಕೊಂಡು ಬಂತು! ಎಲ್ಲವನ್ನೂ ನನ್ನ ಕಡಲೆಯ ನಟ್ಟನಡುವೆ ನಿಲ್ಲಿಸಿ, ಸುತ್ತ ಕಾವಲು ತಿರುಗತೊಡಗಿತು.

"ಓಡ್ಸೋ ಅಂದ್ರ ಬೀಗರನ್ನ ಕರದಂಗ ಕರಕೊಂಡ ಬಂತಲ್ಲೋ, ನಿನ್ನ ಯಂತ್ರಕ್ಕ ಬೆಂಕಿ ಹಾಕ!"

ಬಡಿಗೆ ಹಿಡಿದು ನಾನೇ ನುಗ್ಗಿದೆ. ನಾಯಿ ನನ್ನನ್ನೂ ಮೂತಿಯಿಂದ ನೂಕಿ ಹೆಬ್ಬಾತುಗಳ ನಡುವೆ ನಿಲ್ಲಿಸಿತು. ಬಿಡಿಸಲು ಬಂದ ನನ್ನ ಗಂಡನನ್ನೂ ನಿಲ್ಲಿಸಿತು. ಚಪ್ಪಾಳೆ ತಟ್ಟಿದ ಹನ್ನೊಂದು ಮಂದಿಯನ್ನೂ ಒಬ್ಬೊಬ್ಬರನ್ನಾಗಿ ಹುಡುಕಿ ತಂದಿತು! ಫಕ್ಕೀರಪ್ಪ ಮಾತ್ರ ಬೇವಿನ ಮರ ಹತ್ತಿದ್ದ.

"ನಿಮ್ಮ ತಮ್ಮನ ಬುದ್ಧಿ ನೋಡ್ರಿ!" ಎಂದು ಗಂಡನ ಮೇಲೆ ಹರಿಹಾಯ್ದೆ.

"ಆಮ್ಯಾಲ ಬೈಯಿ ಮಾರಾಯ್ತಿ, ಇದು ನನ್ನ ಧೋತರ ಜಗ್ಗಾಕತ್ತೈತಿ!" ಎಂದು ಅವರು ಒಂದು ಹೆಬ್ಬಾತಿನೊಡನೆ ಗುದ್ದಾಡುತ್ತಿದ್ದರು.

ಉಳಿದವು ನನ್ನ ಕಣ್ಣೆದುರೇ ಕಡಲೆ ಮೇಯುತ್ತಿದ್ದವು. ಅಳುವೇ ಬಂತು. ಅಲ್ಲಿಂದಲೇ ಮಾಳಪ್ಪನಿಗೆ ಫೋನ್ ಹಚ್ಚಿದೆ.

ಮಾಳಪ್ಪ ಬಿದ್ದು ಬಿದ್ದು ನಕ್ಕ. "ಅಕ್ಕಾರ, ಆ ಎಂಟು ದಿನ ನಾ ಗೊಬ್ಬರ ಬೀಳ್ಲಿ ಅಂತ ಮಂದಿ ಹೊಲದಾಗ ಕುರಿ ನಿಲ್ಲಸಿದ್ದೆ! ನನ್ನ ನಾಯಿ ಹೊಲಕ್ಕ ತರೂದು, ಬಿಡದಂಗ ಕಾಯೂದು, ಇವೆರಡ ಮಾಡೇತಿ. ಇದೂ ಅದನ್ನ ಕಲ್ತೈತಿ!"

"ಈಗೇನ ಮಾಡ್ಲೋ ಯಪ್ಪಾ?"

"ಹುರ್ರ್ಯೋ ಅಂತ ಎಲ್ಲಿಂದ ಕೂಗಿದ್ರ ಅಲ್ಲಿಗೆ ಹೊಡಕೊಂಡ ಹೋಗ್ತೈತ್ರಿ."

ನಾನು ಮರದತ್ತ ತಿರುಗಿ ಗಂಟಲು ಹರಿಯುವಂತೆ ಕಿರುಚಿದೆ. "ಫಕ್ಕೀರಪ್ಪಾ, ಇಳಿ! ಹುರ್ರ್ಯೋ ಅನಕೋತ ಕೆರೀಗೆ ಓಡು!"

ಪಾಪ, ಇಳಿದ, ಕೂಗಿದ, ಕೆರೆಯ ಕಡೆ ನಾಲ್ಕು ಹೆಜ್ಜೆ ಓಡಿಯೂ ಓಡಿದ. ಹಿಂತಿರುಗಿ ನೋಡಿದ್ದೇ ತಪ್ಪಾಯಿತು! ಐನೂರು ಚಿಲ್ಲರೆ ಹೆಬ್ಬಾತು ಕೊಕ್ಕು ಚಾಚಿ ಬರುತ್ತಿದ್ದವು. ಕೆರೆ ಮರೆತು, ಹುರ್ರ್ಯೋ ಹುರ್ರ್ಯೋ ಎಂದು ಬೊಬ್ಬೆ ಹಾಕುತ್ತ ಸೀದಾ ತನ್ನ ಮನೆಗೇ ಓಡಿದ. ಹಿಂದಿನಿಂದ ಹೆಬ್ಬಾತು, ಹೆಬ್ಬಾತಿನ ಹಿಂದೆ ನಾವು ಹದಿಮೂರು ಮಂದಿ, ನಮ್ಮ ಹಿಂದೆ ನಾಯಿ!

ಎಲ್ಲರನ್ನೂ ಅವನ ಪಡಸಾಲೆಗೆ ತುಂಬಿ ನಾಯಿ ಬಾಗಿಲಲ್ಲಿ ಕುಳಿತಿತು. ಸಂಜೆ ಬ್ಯಾಟರಿ ಮುಗಿದ ಮೇಲೇ ನಮಗೆ ಬಿಡುಗಡೆ. ಹಕ್ಕಿಗಳಿಗೂ ರೆಕ್ಕೆ ನೆನಪಾಗಿ ಕೆರೆಗೆ ಹಾರಿದವು. ನನ್ನ ಹೊಲದಲ್ಲಿ ಅರ್ಧ ಕಡಲೆ ಉಳಿದಿತ್ತು. ಬೀಜಕ್ಕೆ ಅಷ್ಟು ಸಾಕು. ಅತ್ತೆಯನ್ನು ನೆನೆದು ಕೈ ಮುಗಿದೆ.

ಫಕ್ಕೀರಪ್ಪ ಪಡಸಾಲೆಯಲ್ಲಿ ಮೂಗು ಮುಚ್ಚಿಕೊಂಡು, ಪಾದ ಹೂತುಹೋಗುವಷ್ಟು ಹಿಕ್ಕೆಯ ನಡುವೆ ನಿಂತಿದ್ದ.

"ಸಿಟ್ಟಾಗಬ್ಯಾಡ್ರಿ ವೈನಿ. ಏನ ಅಂದ್ರೂ ಯಂತ್ರ ತನ್ನ ಕೆಲಸ ಮಾಡೇತಿ."

"ಹೌದೋ ಯಪ್ಪಾ," ಎಂದೆ, "ಮುಂದಿನ ವರ್ಷ ಕಡ್ಲಿ ಇಲ್ಲೇ ಬಿತ್ತೂಣು."