ಮಾವನ ಕೆರೆಗಳು, ಅತ್ತೆಯ ಮೊಳೆಗಳು

ಹೈದರಾಬಾದಿನ ಒಣ ನೆಲದ ಮೇಲೆ ನಡೆಯುತ್ತಲೇ ಮುಳುಗುವ ಭಯವಿದ್ದ ಮನುಷ್ಯ ಇಡೀ ಊರಿನಲ್ಲಿ ಒಬ್ಬರೇ ಇದ್ದರು. ಅವರು ನನ್ನ ಸೋದರಮಾವ! ಈಜು ಬರುತ್ತಿತ್ತೇ ಎಂದು ಮಾತ್ರ ಕೇಳಬೇಡಿ. ಬಕೆಟ್ಟಿನ ನೀರನ್ನೂ ಚೊಂಬಿನಲ್ಲಿ ಅಳೆದು ಹುಯ್ದುಕೊಳ್ಳುವ ರಾಯಚೂರು ಸೀಮೆಯವರು ನಾವು.

ಇದಕ್ಕೆಲ್ಲ ಕಾರಣ ಬ್ರಿಟಿಷರ ಕಾಲದ ಕಾಗದಪತ್ರಗಳನ್ನಿಟ್ಟಿದ್ದ ಒಂದು ದಫ್ತರಖಾನೆ. ಕನ್ನಡ ಶಾಲೆಯಲ್ಲಿ ಇತಿಹಾಸ ಹೇಳುತ್ತಿದ್ದ ಮಾವ ರಜೆ ಬಂತೆಂದರೆ ಅಲ್ಲಿಗೆ ಓಡುತ್ತಿದ್ದರು. ಬೇರೆಯವರು ಅಲ್ಲಿ ರಾಜಕಾರಣ ಹುಡುಕಿದರೆ ಮಾವನಿಗೆ ಸರ್ವೆ ನಕ್ಷೆಗಳ ಹುಚ್ಚು. ಅವುಗಳಲ್ಲಿ ನೀಲಿ ಬಳಿದಿದ್ದ, ಈಗ ಮುಚ್ಚಿಹೋಗಿ ಮೇಲೆ ಮನೆಗಳೆದ್ದ ಕೆರೆಗಳೆಲ್ಲ ಬಾಯಿಪಾಠ. ನಕ್ಷೆಗೆ ಬೆರಳು ತಾಗಿಸಬಾರದೆಂಬುದು ಅಲ್ಲಿಯ ಕಾನೂನು. ಮಾವ ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದರೆಂದರೆ, ಮನೆಯಲ್ಲಿ ಪೇಪರಿನ ಸುದ್ದಿ ತೋರಿಸುವಾಗಲೂ ಬೆರಳು ಗಾಳಿಯಲ್ಲೇ ನಿಲ್ಲುತ್ತಿತ್ತು. ಯಾವ ಸುದ್ದಿ ಎಂಬುದನ್ನು ನಾವೇ ಊಹಿಸಿಕೊಳ್ಳಬೇಕು.

ಐಟಿ ಕಂಪನಿಗಳು ಬಂದು ಊರು ನಾಲ್ಕೂ ದಿಕ್ಕಿಗೆ ಉಬ್ಬುತ್ತಿದ್ದ ಕಾಲವದು. ಲಿಂಗಂಪಲ್ಲಿಯ ಕಡೆ ನನ್ನ ಮೈಸೂರಿನ ಸಹೋದ್ಯೋಗಿಯೊಬ್ಬ ಫ್ಲ್ಯಾಟ್ ಕೊಂಡು ಗೃಹಪ್ರವೇಶಕ್ಕೆ ನಮ್ಮನ್ನೆಲ್ಲ ಕರೆದಿದ್ದ. ನಾಲ್ಕನೇ ಮಹಡಿ. ಮಾವ ಹೊಸ್ತಿಲಲ್ಲೇ ಧೋತರ ಮೊಣಕಾಲಿಗೆ ಎತ್ತಿ ಹಿಡಿದು ಒಳಗೆ ಬಂದರು. ಊಟಕ್ಕೆ ಕುಳಿತ ಮೇಲೆ ನನ್ನ ಕಡೆ ವಾಲಿ, ಇಡೀ ಪಂಕ್ತಿಗೆ ಕೇಳುವಂತೆ ಗುಟ್ಟು ಹೇಳಿದರು.

"ತಂಗೀ, ನಾವೀಗ ಕೆರಿ ಒಳಗ ಕುಂತು ಹೋಳಿಗಿ ತಿನ್ನಾಕತ್ತೀವಿ."

ತುಪ್ಪ ಬಡಿಸುತ್ತಿದ್ದ ಮನೆಯೊಡೆಯ ಅಲ್ಲೇ ನಿಂತುಬಿಟ್ಟ. ಎದುರಿಗಿದ್ದ ಅತ್ತೆ ತಲೆಯನ್ನೂ ಎತ್ತಲಿಲ್ಲ.

"ಹಂಗಾರ ಲಗೂನ ತಿನ್ರಿ, ನೆನದ ಹೋದಾವು" ಎಂದರು.

ಅತ್ತೆಯ ಹುಚ್ಚು ಬೇರೆ. ದಿಲ್‌ಸುಖ್‌ನಗರದ ಅವರ ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಬಾರದೆಂದು ಓನರಿನ ಕಟ್ಟಪ್ಪಣೆ. ಹಾಗಾಗಿ ದೇವರ ಫೋಟೊಗಳೆಲ್ಲ ಕುರ್ಚಿಗಳ ಮೇಲೆ, ಕ್ಯಾಲೆಂಡರ್ ಫ್ರಿಜ್ಜಿಗೆ ಒರಗಿ, ಬಂದ ನೆಂಟರು ಚಾಪೆಯ ಮೇಲೆ! ಅತ್ತೆ ಮಾತ್ರ ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಮೊಳೆ ಕೂಡಿಡುತ್ತಿದ್ದರು. ಯಾಕತ್ತಿ ಎಂದರೆ, "ಸ್ವಂತ ಮನ್ಯಾಗ ಯಾರನ್ನೂ ಕೇಳದ ಹೊಡಿಯಾಕವಾ. ಮದಲ ದಿನಾನ ಡಬ್ಬಿ ಖಾಲಿ ಮಾಡತೀನಿ ನೋಡು" ಎನ್ನುತ್ತಿದ್ದರು.

ದಲ್ಲಾಳಿ ಜಾಗ ತೋರಿಸುವುದು, ಅತ್ತೆ ಒಪ್ಪುವುದು, ಮಾವ ದಫ್ತರಖಾನೆಗೆ ಹೋಗಿ ಬಂದು ಅದನ್ನು ನಕ್ಷೆಯ ಯಾವುದೋ ಕೆರೆಯಲ್ಲಿ ಮುಳುಗಿಸುವುದು. ಹೀಗೆ ಎಷ್ಟು ಜಾಗ ಮುಳುಗಿದವೋ! ಉಪ್ಪಲ್‌ನ ಒಂದು ಸೈಟು ಮಾತ್ರ ಅತ್ತೆಯ ಮನಸ್ಸಿನಿಂದ ಹೋಗಲೇ ಇಲ್ಲ. ಮೂಲೆಯಲ್ಲೊಂದು ಬೇವಿನ ಮರವಿತ್ತು. ಅಡುಗೆಮನೆ ಎಲ್ಲಿ ಬರಬೇಕೆಂದು ಅತ್ತೆ ಚಪ್ಪಲಿಯಿಂದ ಮಣ್ಣಿನಲ್ಲಿ ಗೆರೆ ಎಳೆದೂ ಆಗಿತ್ತು. ಮಾವ ಸಂಜೆ ಬಂದು, "ನಕ್ಷಾದಾಗ ಅಲ್ಲೊಂದು ಸಣ್ಣ ಕೆರಿ ಐತಿ, ಬ್ಯಾಡ" ಎಂದರು. ಅತ್ತೆ "ಆತು ಬಿಡ್ರಿ" ಎಂದು ರೊಟ್ಟಿ ಬಡಿಯಲು ಕುಳಿತರು. ಅವರು ಜಗಳವಾಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಅಲ್ಲಿ ಬೇರೆ ಯಾರೋ ಮನೆ ಕಟ್ಟಿದರು. ಒಂದು ಮಳೆಗಾಲ ನಿಜವಾಗಿಯೂ ನೀರು ನುಗ್ಗಿತು! ಮಾವನ ಸಂಭ್ರಮ ಹೇಳತೀರದು. ಮರುದಿನ ನಮ್ಮನ್ನು ಆಟೊದಲ್ಲಿ ಹೇರಿಕೊಂಡು ತೋರಿಸಲು ಹೋದರು. ಅಷ್ಟರಲ್ಲಿ ನೀರು ಇಳಿದು, ಆ ಮನೆಯವರು ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ನಗುನಗುತ್ತ ಕೆಸರು ತೊಳೆಯುತ್ತಿದ್ದರು.

"ನೋಡಿದ್ಯಾ?" ಎಂದರು ಮಾವ.

"ನೋಡಿದ್ನಿರಿ" ಎಂದರು ಅತ್ತೆ. ಅವರು ನೋಡುತ್ತಿದ್ದುದು ಅಡುಗೆಮನೆಯ ಕಿಟಕಿಯನ್ನು.

ಆಮೇಲೆ ನಮ್ಮಂಥ ಐಟಿಯವರ ಸಂಬಳ ನೋಡಿ ನೆಲದ ಬೆಲೆ ಮಾಸ್ತರರ ಕೈಗೆ ಎಟುಕದಂತಾಯಿತು. ಕೆರೆ ಇದ್ದ ಜಾಗವೂ ಹೋಯಿತು, ಇಲ್ಲದ ಜಾಗವೂ ಹೋಯಿತು. ಅತ್ತೆ ಅದೇ ಬಾಡಿಗೆ ಮನೆಯಲ್ಲಿ ತೀರಿಕೊಂಡರು. ಫೋಟೊ ಹಾಕಲು ಒಂದು ಮೊಳೆ ಹೊಡೆದುಕೊಳ್ಳಿ ಎಂದು ಓನರೇ ಬಂದು ಹೇಳಿದರು. "ಇರೂತನಾ ಆಕಿಗೆ ಇಲ್ಲದ ಗ್ವಾಡಿ ಈಗ್ಯಾಕ" ಎಂದು ಮಾವ ಅತ್ತೆಯನ್ನೂ ದೇವರುಗಳ ಪಕ್ಕದ ಕುರ್ಚಿಯಲ್ಲೇ ಕೂರಿಸಿದರು.

ಕೆಲವು ದಿನ ಕಳೆದ ಮೇಲೆ, "ದಫ್ತರಖಾನಿಗೆ ಬರ್ತೀ ಏನ ತಂಗೀ?" ಎಂದರು. ಅವರು ನನ್ನನ್ನು ಅಲ್ಲಿಗೆ ಕರೆದದ್ದು ಅದೇ ಮೊದಲು. ಎತ್ತರದ ಕಿಟಕಿಗಳ ಓದುವ ಕೋಣೆ, ಹಳೆಯ ಕಾಗದದ ಒಣ ವಾಸನೆ. ಚೀಟಿ ಬರೆದುಕೊಟ್ಟು ಕಾದ ಮೇಲೆ ಉಪ್ಪಲ್‌ನ ನಕ್ಷೆ ಬಂತು. ಬಟ್ಟೆಗೆ ಅಂಟಿಸಿದ ದೊಡ್ಡ ಹಾಳೆ. ಯಾವನೋ ಬ್ರಿಟಿಷ್ ದೊರೆ ಕುದುರೆಯ ಮೇಲೆ ತಿರುಗಿ ಬರೆಸಿದ್ದಿರಬೇಕು. ಅದರಲ್ಲಿ ಆ ಕೆರೆ ನನ್ನ ಕಿರುಬೆರಳಿನ ಉಗುರಿನಷ್ಟಿತ್ತು. ಅತ್ತೆಯ ಮನೆಯನ್ನು ಮುಳುಗಿಸಿದ್ದು ಇಷ್ಟು ನೀರೇ?

ಮಾವನ ಬೆರಳು ರೂಢಿಯಂತೆ ಗಾಳಿಯಲ್ಲಿ ನಿಂತಿತು. ಆಮೇಲೆ ಮೆಲ್ಲಗೆ ಇಳಿದು ಆ ನೀಲಿಯ ಮೇಲೆ ಕುಳಿತಿತು. ನಕ್ಷೆ ತಂದವನು "ಹಾತ್ ನಕೋ ಲಗಾವ್ ಸಾಬ್" ಎಂದು ಮುಟ್ಟದಂತೆ ಎಚ್ಚರಿಸಿದ. ಮಾವ ಬೆರಳು ತೆಗೆಯಲಿಲ್ಲ.

"ನೀರು ಬರ್ತಿತ್ತು ಖರೆ" ಎಂದರು. "ಬಂದ್ರ ಏನಾಗ್ತಿತ್ತು ತಂಗೀ? ಇಬ್ರೂ ಕಾಲು ಮ್ಯಾಲ ತಗೊಂಡು ಮಂಚದ ಮ್ಯಾಲ ಕುಂತು ಚಾ ಕುಡೀತಿದ್ವಿ. ಮರದಿನಾ ಇಳದ ಹೋಗ್ತಿತ್ತು."