ದಿವಾದ ಮನೆಗಳ ತೂಕ

ನಮ್ಮ ಭಾವ ಹೆದರದೆ ಇರುವುದು ಈ ಭೂಮಿಯ ಮೇಲೆ ಒಂದಕ್ಕೇ: ಕಳ್ಳನಿಗೆ! ಡೊಂಬಿವಲಿಯ ಅವರ ಮನೆಗೆ ಹಗಲು ಹೊತ್ತು ಬೀಗ ಹಾಕುವಂತಿಲ್ಲ. ಅಕ್ಕ ತರಕಾರಿಗೆ ಹೋಗಬೇಕಾದರೂ ಪಕ್ಕದ ಮನೆಯ ಮರಾಠಿ ಅಜ್ಜಿ, ನಮ್ಮೆಲ್ಲರ ಆಜಿಯನ್ನು ಒಳಗೆ ಕೂರಿಸಿಯೇ ಹೋಗಬೇಕು. "ಯಾರಾದ್ರೂ ಬಂದು ಬೀಗ ನೋಡಿ ವಾಪಸ್ ಹೋದ್ರೆ?" ಎನ್ನುತ್ತಾರೆ. ಇವರ ಮನೆಗೆ ಬರುವವರಾದರೂ ಯಾರು ಹೇಳಿ? ನಾನು, ಬಿಟ್ಟರೆ ಸಿಲಿಂಡರಿನವನು!

ಉಳಿದದ್ದಕ್ಕೆಲ್ಲ ಹೆದರಿಕೆಯೇ. ವಾಶಿಯಲ್ಲಿ ಮನೆಮನೆ ಸರ್ವೆ ಮಾಡುವ ಸಣ್ಣ ಆಫೀಸು ನಮ್ಮದು. ಭಾವ ಅಲ್ಲಿ ಹಳಬರು, ನಾನು ಅವರ ಶಿಫಾರಸಿನವಳು. ಒಂದು ಫೈಲನ್ನು ನಾಲ್ಕು ಪೆನ್‌ಡ್ರೈವ್‌ಗೆ ಹಾಕುತ್ತಾರೆ. ಒಂದು ಅಕ್ಕಿ ಡಬ್ಬಿಯಲ್ಲಿ ಸಿಕ್ಕಿ, "ಗಂಜಿಗೆ ಬಿದ್ದಿದ್ರೆ ಬೆಂದೇ ಹೋಗ್ತಿತ್ತು!" ಎಂದು ಅಕ್ಕ ಬೈದಿದ್ದಳು.

ಆ ಸಲದ್ದು ನೀರಿನ ಸರ್ವೆ. ಎಲ್ಲರ ಮನೆಗೂ ಹೋಗಲಾಗುತ್ತದೆಯೇ? ಠಾಣೆಯಾಚೆಯ ಬಡವರ ದಿವಾದಲ್ಲಿ ಮಾತಾಡಿಸಿದ ಒಂದೊಂದು ಮನೆ ನಾನೂರು ಮನೆಗಳ ಪರವಾಗಿ ನಿಲ್ಲಬೇಕು. ಆ ನಾನೂರೇ ಅದರ ತೂಕ. ಠಾಣೆಯ ದೊಡ್ಡ ಬಿಲ್ಡಿಂಗುಗಳ ಮನೆಗೆ ಐವತ್ತೇ. ಹೀಗೆ ನೂರಾರು ಬಡಾವಣೆಗೆ ಬೇರೆ ಬೇರೆ ತೂಕ, ಬಾಯಿಪಾಠ ಬರುವಂಥದ್ದಲ್ಲ. ತೂಕ ಕಳೆದುಹೋದರೆ ದಿವಾದ ಜನರ ನೀರಡಿಕೆಯೂ ಕಳೆದುಹೋದ ಹಾಗೆ. ಹೊಸ ನಳ ಎಲ್ಲಿ ಹಾಕಬೇಕೆಂಬ ತೀರ್ಮಾನಕ್ಕೆ ಅಂದು ಸಂಜೆ ಐದಕ್ಕೆ ರಿಪೋರ್ಟ್ ಹೋಗಬೇಕಿತ್ತು.

ಮೂರು ಗಂಟೆಗೆ ಭಾವನ ಮುಖ ಬಿಳುಚಿತು. "ಮಾರಾಯ್ತಿ, ತೂಕದ ಕಾಲಮ್ಮೇ ಇಲ್ಲ!"

ಅಳಿಸಿದ್ದು ಅವರೇ. ಅಳಿಸಿದ ಫೈಲನ್ನೇ ಭಯಭಕ್ತಿಯಿಂದ ನಾಲ್ಕೂ ಪೆನ್‌ಡ್ರೈವ್‌ಗೆ, ಹಳೆಯದರ ಮೇಲೆಯೇ, ಹಾಕಿದ್ದರು!

ಉಳಿದ ಆಸೆ ಒಂದೇ. ಬೆಳಿಗ್ಗೆ ಸಾಫ್ಟ್‌ವೇರಿನಲ್ಲಿ ಉತ್ತರ, ತೂಕ ಎರಡನ್ನೂ ಸೇರಿಸಿ 'ಸರ್ವೆ ಡಿಸೈನ್' ಎಂಬ ಗಂಟು ಕಟ್ಟಿದ್ದೆವು. ಅದು ಕಂಪ್ಯೂಟರಿನಲ್ಲಿ ತೆರೆದೇ ಇತ್ತು, ಸೇವ್ ಮಾಡಿರಲಿಲ್ಲ. ಅಷ್ಟರಲ್ಲಿ ಕರೆಂಟ್ ಹೋಯಿತು! ಯುಪಿಎಸ್ ಕುಂಯ್ ಕುಂಯ್ ಎನ್ನತೊಡಗಿತು. ಭಾವ ಗಂಟಿನೊಳಗೆ ಕೈಹಾಕಿ ದಿವಾದ ಒಂದು ಸಾಲು ತೆಗೆದರು. ಸೊನ್ನೆ ಪಾಯಿಂಟ್ ಸೊನ್ನೆ ಸೊನ್ನೆ ಎರಡು ಐದು.

"ಅಯ್ಯೋ, ನಾನೂರು ಮನೆ ಇದ್ದಲ್ಲಿ ಒಂದು ಮನೆಯೂ ಉಳೀಲಿಲ್ವಲ್ಲಾ!"

"ಭಾವ, ಅದು ತೂಕ ಅಲ್ಲ. ನಾನೂರರಲ್ಲಿ ಒಂದು ಮನೆ ಆರಿಸಿದ್ದಲ್ವಾ, ಆ ಪಾಲು. ತೂಕ ಬೇಕಾದ್ರೆ ತೂಕವನ್ನೇ ಕೇಳ್ಬೇಕು."

'ವೇಟ್ಸ್' ಎಂದು ಟೈಪಿಸಿ ಆವರಣದೊಳಗೆ ಗಂಟಿನ ಹೆಸರು ಕೊಟ್ಟೆ. ದಿವಾದ ಮನೆಗಳೆದುರು ನಾನೂರು, ನಾನೂರು, ನಾನೂರು ಎಂದು ಸಾಲಾಗಿ ಬಂದವು. ಪೆನ್‌ಡ್ರೈವ್‌ಗೆ ಸೇವ್ ಆಯಿತೋ ಇಲ್ಲವೋ, ಯುಪಿಎಸ್ ಕಣ್ಣು ಮುಚ್ಚಿತು. ಕರೆಂಟಿದ್ದ ಸೈಬರ್ ಕೆಫೆ ಹುಡುಕಿ ರಿಪೋರ್ಟ್ ಮುಗಿಸಿ ಕಳಿಸಿದೆವು.

ಮನೆಗೆ ಹೋಗಲು ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ ಹೊರಟೆವು. ದಿವಾ ಸ್ಟೇಷನ್ ಬಂದಾಗ ಭಾವ ಮೆಲ್ಲಗೆ ಹೇಳಿದರು: "ಮದುವೆಯಾದ ಹೊಸತರಲ್ಲಿ ನಾವು ಇಲ್ಲೇ ಇದ್ದದ್ದು. ಒಂದಿನ ಸರ್ವೆಯವರು ಬಂದ್ರು. ಗಲ್ಲಿಯ ಹೆಂಗಸರೆಲ್ಲ ನೀರಿನ ಲೈನಲ್ಲಿ, ಎಲ್ಲ ಬಾಗಿಲಿಗೂ ಬೀಗ. ಯಾರೂ ಇಲ್ಲ ಅಂತ ಬರ್ಕೊಂಡು ಹೋದ್ರು. ನಳ ಬೇರೆ ಗಲ್ಲಿಗೆ ಹೋಯ್ತು. ನಿನ್ನಕ್ಕ ಮತ್ತೆ ಆರು ವರ್ಷ ಕೊಡ ಹೊತ್ತಳು."

ಅವರ ಬೀಗದ ಹೆದರಿಕೆಗೆ ಇಷ್ಟು ವರ್ಷ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಭಾನುವಾರ ಅವರ ಮನೆಗೆ ಹೋದೆ. ಭಾವ ಕೂದಲು ಕಟಿಂಗಿಗೆ ಹೋಗಿದ್ದರು. ಅಕ್ಕ ಕೈಚೀಲ ಹಿಡಿದು ಆಜಿಯ ದಾರಿ ಕಾಯುತ್ತಿದ್ದಳು.

"ನೀನು ಹೋಗಿ ಬಾ ಅಕ್ಕಾ," ಎಂದೆ. "ಬಾಗಿಲು ತೆರೆದುಕೊಂಡು ನಾನು ಕೂತಿರ್ತೇನೆ."